ಕೇಳಿ, ಹೇಳ್ತೀವಿ: ಸೊಲ್ಲಾಪುರದವರು ಎಲ್ಲಿಂದ ಬಂದರು?

ಈ ಸಲ ಬಂದ ಪತ್ರಗಳಲ್ಲಿ ಸೊಲ್ಲಾಪುರದ ವಿಷಯವೇ ಜಾಸ್ತಿ. ಆದ್ದರಿಂದ ಉಳಿದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇವೆ.

ನಮ್ಮ ಬಿಲ್ಡಿಂಗಿನಲ್ಲಿ ಸೊಲ್ಲಾಪುರದ ಒಂದು ಕುಟುಂಬ ಇದೆ. ಅಜ್ಜಿ ಮನೆಯಲ್ಲಿ ಮಾತಾಡುವುದು ಕನ್ನಡ, ಪೇಪರ್ ಓದುವುದು ಮರಾಠಿ. ಇವರ ಹಿರಿಯರು ಕರ್ನಾಟಕದಿಂದ ಯಾವಾಗ ಅಲ್ಲಿಗೆ ಹೋದರು?
(ಓದುಗರು, ಡೊಂಬಿವಲಿ)

ಹೋಗಲೇ ಇಲ್ಲ. ಅಲ್ಲೇ ಇದ್ದರು. ಮುಂಬೈಯಲ್ಲಿರುವ ನಮಗೆ ಈ ಪ್ರಶ್ನೆ ಸಹಜವಾಗಿ ಬರುತ್ತದೆ, ಯಾಕೆಂದರೆ ನಾವೆಲ್ಲ ಬಂದವರು. ಅಪ್ಪನೋ ಅಜ್ಜನೋ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದಿರುತ್ತಾರೆ, ಇಲ್ಲವೇ ಧಾರವಾಡ ಕಡೆಯಿಂದ ನೌಕರಿ ಹಿಡಿದು ಬಂದಿರುತ್ತಾರೆ. ಹಾಗಾಗಿ ಮಹಾರಾಷ್ಟ್ರದ ಕನ್ನಡಿಗ ಅಂದ ಕೂಡಲೇ 'ಯಾವ ಊರಿಂದ ಬಂದಿರಿ' ಅಂತ ಕೇಳಿಬಿಡುತ್ತೇವೆ. ಸೊಲ್ಲಾಪುರದವರಿಗೆ ಇದು ಸ್ವಲ್ಪ ಚುಚ್ಚುತ್ತದೆ.

ವಚನಗಳಲ್ಲಿ ಬರುವ ಸೊನ್ನಲಿಗೆ ಇದೇ ಊರು. 12ನೇ ಶತಮಾನದ ಸಿದ್ಧರಾಮ ಇಲ್ಲಿಯವನು. ಅವನ ವಚನಗಳ ಅಂಕಿತ ಕಪಿಲಸಿದ್ಧ ಮಲ್ಲಿಕಾರ್ಜುನ. ಜನ ಸೇರಿಸಿ ಕೆರೆ ತೋಡಿಸುತ್ತಿದ್ದಾಗ ಅಲ್ಲಮ ಬಂದು 'ಒಡ್ಡರಾಮ' ಅಂತ ಕರೆದನಂತೆ. ಸಿಟ್ಟಿಗೆದ್ದ ಕೆಲಸದವರು ಅಲ್ಲಮನಿಗೆ ಕಲ್ಲು ಎಸೆದರಂತೆ. (ನನಗೆ ಈ ಕಥೆಯಲ್ಲಿ ಅಲ್ಲಮನಿಗಿಂತ ಆ ಕೆಲಸದವರೇ ಇಷ್ಟ.) ಆ ಕೆರೆ ಈಗಲೂ ಇದೆ, ನಡುವೆ ಸಿದ್ಧೇಶ್ವರ ಗುಡಿ ಇದೆ (ಸಿದ್ಧರಾಮನನ್ನೇ ಅಲ್ಲಿಯವರು ಸಿದ್ಧೇಶ್ವರ ಅನ್ನುತ್ತಾರೆ), ಪಕ್ಕದಲ್ಲೇ ಕೋಟೆ.

ಬ್ರಿಟಿಷರ ಕಾಲದಲ್ಲಿ ಸೊಲ್ಲಾಪುರ, ವಿಜಯಪುರ, ಧಾರವಾಡ, ಬೆಳಗಾವಿ ಎಲ್ಲವೂ ಮುಂಬೈ ಪ್ರೆಸಿಡೆನ್ಸಿಯ ಜಿಲ್ಲೆಗಳು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೆಣ್ಣು ಕೊಡುವುದು, ತರುವುದು, ಸಂತೆಗೆ ಹೋಗುವುದು, ಇದೆಲ್ಲ ಪಕ್ಕದ ಊರಿನ ವ್ಯವಹಾರ. ಅಕ್ಕಲಕೋಟೆ ಮಾತ್ರ ಭೋಸಲೆಯವರ ಸಂಸ್ಥಾನ, 1948ರಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ವಿಜಯಪುರ, ಧಾರವಾಡ, ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದವು, ಸೊಲ್ಲಾಪುರ ಮುಂಬೈ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಮನೆ ಯಾರೂ ಬದಲಾಯಿಸಲಿಲ್ಲ, ಬೀಗರು ಮಾತ್ರ ಬೇರೆ ರಾಜ್ಯದವರಾದರು.

ನಿಜವಾಗಿ ಹೊರಗಿನಿಂದ ಬಂದವರು ಅಂದರೆ ತೆಲುಗು ನೇಕಾರರು. ತೆಲಂಗಾಣ ಕಡೆಯ ಪದ್ಮಶಾಲಿಗಳು ಮಗ್ಗದ ಕೆಲಸಕ್ಕೆ, ಮಿಲ್ ಕೆಲಸಕ್ಕೆ ಬಂದು ನಿಂತರು. ಮೊದಲ ಬಟ್ಟೆ ಮಿಲ್ ಶುರುವಾಗಿದ್ದು 1877ರಲ್ಲಿ, ಊರಿನವರು ಅದನ್ನು ಜೂನಿ ಮಿಲ್, ಅಂದರೆ ಹಳೆ ಮಿಲ್, ಅನ್ನುತ್ತಾರೆ. ನಿಮ್ಮ ಮನೆಯಲ್ಲಿರುವ ಸೊಲ್ಲಾಪುರ ಚಾದರದ ಹಿಂದೆ ಇವರ ಕೈ ಇದೆ.

ಅಜ್ಜಿ ಮರಾಠಿ ಪೇಪರ್ ಓದುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಶಾಲೆ ಮರಾಠಿ, ಕಚೇರಿ ಮರಾಠಿ, ಅಕ್ಷರ ಕಲಿತದ್ದು ಅದರಲ್ಲೇ. ಜಯದೇವಿತಾಯಿ ಲಿಗಾಡೆ ಕೂಡ ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ ಬೆಳೆದವರು. ಆಮೇಲೆ ತಾವೇ ಕನ್ನಡ ಕಲಿತು ಸಿದ್ಧರಾಮನ ಮೇಲೆ ದೊಡ್ಡ ಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರೇ. ಬೆಂಗಳೂರಿನವರಲ್ಲ, ಮೈಸೂರಿನವರಲ್ಲ, ಸೊಲ್ಲಾಪುರದವರು ನೋಡಿ!

ಪುಣೆಯಿಂದ ಸೊಲ್ಲಾಪುರಕ್ಕೆ ಹುತಾತ್ಮ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುತ್ತಿರುತ್ತೇನೆ. ಆ ಹುತಾತ್ಮರು ಯಾರು? ಅವರಲ್ಲಿ ಕನ್ನಡದವರೂ ಇದ್ದರಂತೆ, ಹೌದಾ?
(ಓದುಗರು, ಪುಣೆ)

ಹೌದು. ನಾಲ್ಕು ಜನ: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಇವರಲ್ಲಿ ಧನಶೆಟ್ಟಿ ಕನ್ನಡ ಮನೆತನದವರು.

1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಬಂಧಿಸಿದ ಸುದ್ದಿ ಬಂದಾಗ ಮಿಲ್ ಕೆಲಸಗಾರರೂ ಪೇಟೆಯವರೂ ಬೀದಿಗಿಳಿದರು. ಗೋಲಿಬಾರ್ ಆಯಿತು. ಜನ ಹೆದರಿ ಮನೆ ಸೇರಲಿಲ್ಲ, ತಿರುಗಿ ಬಿದ್ದರು, ಪೊಲೀಸರೇ ಕೆಲವು ದಿನ ಊರು ಬಿಡಬೇಕಾಯಿತು. ಆಗ ಮಾರ್ಷಲ್ ಲಾ ಹೇರಿ ಸೈನ್ಯ ಕರೆಸಿದರು. ಇಬ್ಬರು ಪೊಲೀಸರ ಕೊಲೆಯ ಆರೋಪ ಈ ನಾಲ್ವರ ಮೇಲೆ ಬಂತು, 1931ರ ಜನವರಿ 12ರಂದು ಗಲ್ಲಿಗೇರಿಸಿದರು. ಎಲ್ಲಿ ಗೊತ್ತಾ? ನಿಮ್ಮ ಪುಣೆಯ ಯರವಡಾ ಜೈಲಿನಲ್ಲೇ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ಶುರುವಾಗುವ ಹೊತ್ತು ಅದು.

ಮಹಾಜನ ವರದಿ ಜಾರಿಯಾದರೆ ಸೊಲ್ಲಾಪುರ ನಮಗೆ ಬರುತ್ತದಂತೆ. ಯಾವಾಗ ಬರುತ್ತದೆ?
(ಓದುಗರು, ವಾಸ್ಕೊ, ಗೋವಾ)

ಕಾಯ್ತಾ ಕೂರಬೇಡಿ. ಎರಡು ರಾಜ್ಯಗಳ ಗಡಿ ಜಗಳ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಅಲ್ಲಿಗೇ ಬರಲಿ, ನಿಪ್ಪಾಣಿ, ನಂದಗಡ ಮಹಾರಾಷ್ಟ್ರಕ್ಕೆ ಹೋಗಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ವರದಿ ಬೇಕು ಅನ್ನುವ ನಮ್ಮವರು ಬೆಳಗಾವಿ ಪುಟ ಓದುತ್ತಾರೆ, ನಿಪ್ಪಾಣಿ ಪುಟ ಬಂದಾಗ ಸುಮ್ನಾಗುತ್ತಾರೆ.

ಈ ಜಗ್ಗಾಟ ಹೊಸದೂ ಅಲ್ಲ. ವಿಜಯಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಸೊಲ್ಲಾಪುರ ಕೋಟೆಗಾಗಿ ಜಗಳ ನಡೆದೇ ಇತ್ತು. ಕೊನೆಗೆ ಚಾಂದಬೀಬಿ ಅಹಮದನಗರದಿಂದ ವಿಜಯಪುರಕ್ಕೆ ಸೊಸೆಯಾಗಿ ಬಂದಾಗ ಕೋಟೆಯನ್ನೇ ವರದಕ್ಷಿಣೆಯಾಗಿ ಕೊಟ್ಟರು.

ಗಡಿ ಹಳ್ಳಿಯವರ ಲೆಕ್ಕ ಬೇರೆಯೇ ಇರುತ್ತದೆ. ಜತ್ತ ತಾಲೂಕು ಬರಗಾಲದ ಸೀಮೆ. ಅಲ್ಲಿಯವರು ಕರ್ನಾಟಕಕ್ಕೆ ಸೇರುತ್ತೇವೆ ಅಂದಾಗೆಲ್ಲ ಅದರ ಹಿಂದೆ ನೀರಿನ ಮಾತಿರುತ್ತದೆ. ಕನ್ನಡ ಶಾಲೆಗೆ ಮೇಷ್ಟ್ರು ಕೊಡಿ, ನೀರು ಕೊಡಿ ಅನ್ನುವುದು ನಕ್ಷೆಯ ಜಗಳಕ್ಕಿಂತ ಮೊದಲು ಆಗಬೇಕಾದ ಕೆಲಸ ಅಂತ ನನ್ನ ಅಭಿಪ್ರಾಯ. ಇದಕ್ಕೆ ಬೈದು ಪತ್ರ ಬರೆಯುವವರು ಬರೆಯಿರಿ, ಹಾಕುತ್ತೇವೆ.

ಸಿದ್ಧೇಶ್ವರ ಜಾತ್ರೆ ನೋಡಬೇಕು. ಯಾವಾಗ ಹೋಗಬೇಕು?
(ಓದುಗರು, ಕಲ್ಯಾಣ)

ಸಂಕ್ರಾಂತಿಗೆ. ಏಳು ನಂದಿಧ್ವಜಗಳು ಹೊರಡುತ್ತವೆ. ಮನೆಗಿಂತ ಎತ್ತರದ ಕೋಲು, ಹೊರುವವನ ಸೊಂಟಕ್ಕೆ ಪಟ್ಟಿ, ಮೈಮೇಲೆ ಬಿಳಿ ಬಾರಾಬಂದಿ. ಕೋಲು ವಾಲಿದರೆ ಸುತ್ತಲಿನವರೆಲ್ಲ ಉಸಿರು ಹಿಡಿಯುತ್ತಾರೆ. ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆ ಹಚ್ಚುವುದು ಒಂದು ದಿನ, ಮರುದಿನ ಅಕ್ಷತೆ. ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಅಂದ ಕುಂಬಾರರ ಹುಡುಗಿಗೆ ಅವನ ಯೋಗದಂಡದ ಜೊತೆ ಮದುವೆ ಮಾಡಿದ ಕಥೆ ಅದು. ಕೆರೆಯ ಬಳಿ ಸಮ್ಮತಿ ಕಟ್ಟೆಯಲ್ಲಿ 'ಸತ್ಯಂ ಸತ್ಯಂ' ಅನ್ನುವ ಕೂಗು ಎದ್ದಾಗ ಸಾವಿರಾರು ಕೈಗಳು ಅಕ್ಷತೆ ಎಸೆಯುತ್ತವೆ. ಬೇಗ ಹೋಗಿ ಜಾಗ ಹಿಡಿಯಿರಿ, ತಡವಾದರೆ ಬೆನ್ನುಗಳನ್ನೇ ನೋಡಬೇಕಾಗುತ್ತದೆ.

ಸಿದ್ಧೇಶ್ವರ ಎಕ್ಸ್‌ಪ್ರೆಸ್‌ ರಾತ್ರಿ ಹತ್ತಿದರೆ ಬೆಳಿಗ್ಗೆ ಸೊಲ್ಲಾಪುರ. ಟಿಕೆಟ್ಟು, ಲಾಡ್ಜು ಎರಡನ್ನೂ ಮೊದಲೇ ಮಾಡಿಸಿ. ಬರುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತನ್ನಿ. ಆಟೋದವರ ಜೊತೆ ಮೊದಲು ಕನ್ನಡದಲ್ಲೇ ಮಾತು ಶುರು ಮಾಡಿ ನೋಡಿ.