ಮಲ್ಟಿಮೀಟರಿಗೆ ಒಳ್ಳೆಯ ತಾಪಮಾನ ಪ್ರೋಬ್ ಆರಿಸುವುದು ಹೇಗೆ?

ತಾಪಮಾನ ಅಳೆಯುವ ಮಲ್ಟಿಮೀಟರುಗಳಿಗೆ ಬೇಕಾಗುವುದು ಬಹುಮಟ್ಟಿಗೆ ‘ಕೆ’ ಮಾದರಿಯ ಥರ್ಮೋಕಪಲ್. ಕೈಪಿಡಿಯಲ್ಲಿ ಅದನ್ನು ಖಚಿತಪಡಿಸಿಕೊಂಡ ಮೇಲೆ ನೋಡಬೇಕಾದದ್ದು ತಂತಿಯ ಹೊದಿಕೆ ಎಷ್ಟು ಬಿಸಿ ತಾಳುತ್ತದೆ, ತುದಿಯ ಆಕಾರ ನಿಮ್ಮ ಕೆಲಸಕ್ಕೆ ಒಗ್ಗುತ್ತದೆಯೇ ಎಂಬುದನ್ನು.

ಥರ್ಮೋಕಪಲ್ ಎಂದರೆ ತುದಿಯಲ್ಲಿ ಬೆಸೆದ, ಎರಡು ಬೇರೆ ಮಿಶ್ರಲೋಹಗಳ ತಂತಿಗಳು. ಬೆಸೆದ ತುದಿಗೂ ಮೀಟರಿನ ಕಡೆಯ ತುದಿಗೂ ಇರುವ ತಾಪದ ಅಂತರಕ್ಕೆ ತಕ್ಕಂತೆ, ‘ಕೆ’ ಮಾದರಿಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ಮೀಟರು ತನ್ನ ಸಾಕೆಟ್ಟಿನ ತಾಪವನ್ನು ಲೆಕ್ಕಕ್ಕೆ ಸೇರಿಸಿಕೊಂಡು ಉತ್ತರ ತೋರಿಸುತ್ತದೆ. ಆದ್ದರಿಂದಲೇ ಪ್ರೋಬಿಗೆ ಸಾಮಾನ್ಯ ತಾಮ್ರದ ತಂತಿ ಸೇರಿಸಿ ಉದ್ದ ಮಾಡಬಾರದು: ಆ ಗಂಟಿನ ತಾಪ ಸಾಕೆಟ್ಟಿನದಕ್ಕಿಂತ ಬೇರೆಯಿದ್ದರೆ ಅಳತೆ ಅಷ್ಟೂ ತಪ್ಪುತ್ತದೆ.

ಮೀಟರಿನ ಜೊತೆ ಬರುವ, ತುದಿಯಲ್ಲಿ ಪುಟ್ಟ ಮಣಿಯಿರುವ ಪ್ರೋಬ್ ಗಾಳಿಯ ತಾಪಕ್ಕೆ ಸಾಕು. ದ್ರವದಲ್ಲಿ ಮತ್ತೆ ಮತ್ತೆ ಅದ್ದುವುದಿದ್ದರೆ ಸ್ಟೀಲ್ ಕೊಳವೆಯದು ಒಳ್ಳೆಯದು. ಟೆಫ್ಲಾನ್ ಹೊದಿಕೆ ತಾಳುವುದು ಸುಮಾರು 260 ಡಿಗ್ರಿಯವರೆಗೆ ಮಾತ್ರ. ಡಬ್ಬಿಯ ಮೇಲೆ 1000 ಎಂದು ಬರೆದಿದ್ದರೆ ಅದು ಲೋಹದ ಮಾತೇ ಹೊರತು ಹೊದಿಕೆಯದಲ್ಲ. ನಿಖರತೆಯಲ್ಲಿ ಒಂದನೇ ದರ್ಜೆಗೆ ±1.5, ಎರಡನೆಯದಕ್ಕೆ ±2.5 ಡಿಗ್ರಿ ವ್ಯತ್ಯಾಸಕ್ಕೆ ಅವಕಾಶವಿದ್ದು, ಹೆಚ್ಚಿನ ತಾಪದಲ್ಲಿ ಅದು ಇನ್ನೂ ಬೆಳೆಯುತ್ತದೆ. ಮೀಟರಿನ ದೋಷ ಬೇರೆ. ಕೊಂಡ ಕೂಡಲೇ, ಪುಡಿಮಾಡಿದ ಮಂಜುಗಡ್ಡೆ ಕಿಕ್ಕಿರಿದ ನೀರಿನಲ್ಲಿ ತುದಿಯನ್ನಿಟ್ಟು, ಕಲಕುತ್ತಾ, ಸೊನ್ನೆಯ ಹತ್ತಿರ ನಿಲ್ಲುತ್ತದೆಯೇ ನೋಡಿ.