ಗಣಕ ಪ್ರಶ್ನೋತ್ತರ: ಮಾಲೀಕರಿಗೇ ಬಾಗಿಲು ತೆರೆಯದ ಜಾಲತಾಣ

ಪ್ರಶ್ನೆ: ನಮ್ಮ ಖಾರದ ಪುಡಿಯ ಮಾರಾಟಕ್ಕಾಗಿ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಒಂದು ಜಾಲತಾಣ ಮಾಡಿಸಿದ್ದೇವೆ. ಕಳೆದ ವಾರ ದರ ಬದಲಿಸಲೆಂದು ಲಾಗಿನ್ ಪುಟ ತೆರೆದರೆ ‘500 ಇಂಟರ್ನಲ್ ಸರ್ವರ್ ಎರರ್’ ಎಂದು ಬಂತು. ಪಾಸ್‌ವರ್ಡ್ ಬದಲಿಸಲು ನೋಡಿದೆ, ಆಗಲಿಲ್ಲ. ಪರಿಚಯದವರೊಬ್ಬರ ಮಾತು ಕೇಳಿ ಅಂಗಡಿಯ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿದೆ. ಆದರೂ ಅದೇ ಪುಟ. ಹೋಸ್ಟಿಂಗ್‌ನವರು ‘ಪಿಎಚ್‌ಪಿ ಹೊಸ ಆವೃತ್ತಿಗೆ ಏರಿಸಿದ್ದೇವೆ, ಬೇಕಾದರೆ ಹಳೆಯ ಬ್ಯಾಕಪ್ ಹಾಕಿಕೊಡುತ್ತೇವೆ’ ಎನ್ನುತ್ತಿದ್ದಾರೆ. ಒಪ್ಪಲೇ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಒಪ್ಪಬೇಡಿ, ಇನ್ನೂ ಆ ಹಂತ ಬಂದಿಲ್ಲ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಸರ್ವರ್ ಎಂದರೆ ನಿಮ್ಮ ಜಾಲತಾಣವನ್ನು ಇಟ್ಟುಕೊಂಡು, ಕೇಳಿದವರಿಗೆ ಪುಟ ಕಳಿಸುವ ಹೋಸ್ಟಿಂಗ್‌ನವರ ಕಂಪ್ಯೂಟರ್. ಅದು ಕೊಡುವ ಸಂಖ್ಯೆಗಳಲ್ಲಿ 400ರ ಸಾಲಿನವು ಕೇಳಿದವರ ಕಡೆಯ ತಪ್ಪನ್ನು ಹೇಳುತ್ತವೆ; ಇಲ್ಲದ ಪುಟ ಕೇಳಿದಾಗ ಬರುವ 404 ಎಲ್ಲರಿಗೂ ಗೊತ್ತಿರುವಂಥದು. 500ರ ಸಾಲಿನವು ಸರ್ವರ್ ತನ್ನದೇ ತಪ್ಪನ್ನು ಒಪ್ಪಿಕೊಳ್ಳುವ ಸಂಖ್ಯೆಗಳು. ಆದ್ದರಿಂದ ನಿಮ್ಮ ಪಾಸ್‌ವರ್ಡ್, ಬ್ರೌಸರ್, ಮೊಬೈಲ್ ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ. ತೊಡಕೆಂದರೆ 500 ಎಂಬುದು ‘ಒಳಗೆ ಏನೋ ಕೆಟ್ಟಿದೆ’ ಎನ್ನುತ್ತದೆಯೇ ಹೊರತು ಏನು ಕೆಟ್ಟಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಸರ್ವರ್ ತನ್ನ ತಪ್ಪುಗಳನ್ನು ಬರೆದಿಡುವ ಕಡತ, ಅಂದರೆ ಎರರ್ ಲಾಗ್. ಅದನ್ನು ಓದದೆ ಮಾಡುವ ಪ್ರತಿಯೊಂದು ರಿಪೇರಿಯೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ವರ್ಡ್‌ಪ್ರೆಸ್ ಲಾಗಿನ್ ಬೇರೆ, ಹೋಸ್ಟಿಂಗ್ ಖಾತೆಯ ಲಾಗಿನ್ ಬೇರೆ. ಮೊದಲನೆಯದು ಮುಚ್ಚಿಕೊಂಡಿದ್ದರೂ ಎರಡನೆಯದು ತೆರೆದೇ ಇರುತ್ತದೆ. ಹೋಸ್ಟಿಂಗ್ ಖಾತೆಯನ್ನು ನಿಭಾಯಿಸುವ ಸಿ-ಪ್ಯಾನೆಲ್ ಇದ್ದರೆ ಅದರ ಫೈಲ್ ಮ್ಯಾನೇಜರ್‌ಗೆ ಹೋಗಿ, ಜಾಲತಾಣದ ಮೂಲ ಫೋಲ್ಡರಿನಲ್ಲಿಯೂ ‘ಡಬ್ಲ್ಯೂಪಿ-ಅಡ್ಮಿನ್’ ಫೋಲ್ಡರಿನಲ್ಲಿಯೂ ‘ಎರರ್ ಲಾಗ್’ ಎಂಬ ಕಡತ ಇದೆಯೇ ನೋಡಿ, ಅದರ ಕೊನೆಯ ಹತ್ತು ಸಾಲುಗಳನ್ನು ಓದಿ. ಪಿಎಚ್‌ಪಿ ಎಂಬುದು ವರ್ಡ್‌ಪ್ರೆಸ್ ಬರೆದಿರುವ ಗಣಕ ಭಾಷೆ; ಅದನ್ನು ಏರಿಸಿದ ಮೇಲೆ ಹೀಗಾಗಿದೆ ಎಂದರೆ ಅಲ್ಲಿ ‘ಫೇಟಲ್ ಎರರ್: ಅನ್‌ಕಾಟ್ ಎರರ್: ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್ ಈಚ್’ ಎಂಬಂಥ ಒಂದು ಸಾಲು ಸಿಗುವ ಸಂಭವ ಹೆಚ್ಚು. ‘ಈಚ್’ ಎಂಬ ಫಂಕ್ಷನನ್ನು, ಅಂದರೆ ಆ ಭಾಷೆಯ ಒಂದು ಸಿದ್ಧ ಆಜ್ಞೆಯನ್ನು, 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0 ತೆಗೆದುಹಾಕಿತು; ವರ್ಷಗಟ್ಟಲೆ ತಿದ್ದದೆ ಬಿಟ್ಟ ಪ್ಲಗಿನ್‌ಗಳು (ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶದ ತುಣುಕುಗಳು) ಈಗಲೂ ಅದನ್ನು ಕರೆಯುತ್ತವೆ, ಅದು ಸಿಗದೆ ಅಲ್ಲಿಯೇ ಕುಸಿಯುತ್ತವೆ. ಆ ಸಾಲನ್ನು ಪೂರ್ತಿ ಓದಿದರೆ ಮುಂದೆ ಕಡತದ ದಾರಿ ಇರುತ್ತದೆ. ಅದರಲ್ಲಿ ‘ಪ್ಲಗಿನ್ಸ್’ ಎಂಬ ಪದದ ನಂತರ ಬರುವ ಹೆಸರೇ ತಪ್ಪಿತಸ್ಥ.

‘ಡಬ್ಲ್ಯೂಪಿ-ಕಾಂಟೆಂಟ್’ ಒಳಗಿನ ‘ಪ್ಲಗಿನ್ಸ್’ನಲ್ಲಿ ಆ ಹೆಸರಿನ ಫೋಲ್ಡರನ್ನು ಹುಡುಕಿ, ಅಳಿಸದೆ, ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ. ವರ್ಡ್‌ಪ್ರೆಸ್‌ಗೆ ಆ ಪ್ಲಗಿನ್ ಸಿಗುವುದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ನಿಮ್ಮ ಲಾಗಿನ್ ಪುಟ ತೆರೆಯುತ್ತದೆ. ಹೆಸರು ಗೊತ್ತಾಗದಿದ್ದರೆ ಮಾತ್ರ ಇಡೀ ‘ಪ್ಲಗಿನ್ಸ್’ ಫೋಲ್ಡರಿನ ಹೆಸರು ಬದಲಿಸಿ. ಒಳಗೆ ಹೋಗಿ ಪ್ಲಗಿನ್ಸ್ ಪುಟವನ್ನು ಒಮ್ಮೆ ತೆರೆದ ಮೇಲೆ ಹಳೆಯ ಹೆಸರನ್ನೇ ಮರಳಿ ಕೊಟ್ಟು, ಪ್ಲಗಿನ್‌ಗಳನ್ನು ಒಂದೊಂದಾಗಿ ಚಾಲೂ ಮಾಡಿ. ಯಾವುದನ್ನು ಒತ್ತಿದಾಗ ಮತ್ತೆ ಕೆಡುತ್ತದೆಯೋ ಅದೇ ಕಳ್ಳ.

ಲಾಗ್ ಕಡತವೇ ಇಲ್ಲದಿದ್ದರೆ ‘ಡಬ್ಲ್ಯೂಪಿ-ಕಾನ್ಫಿಗ್’ ಕಡತದಲ್ಲಿ ಡಿಬಗ್ ಮತ್ತು ಡಿಬಗ್-ಲಾಗ್ ಸೂಚನೆಗಳನ್ನು ‘ಟ್ರೂ’ ಮಾಡಿ, ಡಿಬಗ್-ಡಿಸ್‌ಪ್ಲೇ ಎಂಬುದನ್ನು ‘ಫಾಲ್ಸ್’ ಇಡಿ. ಇಲ್ಲದಿದ್ದರೆ ನಿಮ್ಮ ಸರ್ವರ್‌ನ ಒಳದಾರಿಗಳೆಲ್ಲ ಗಿರಾಕಿಗಳ ಪರದೆಯ ಮೇಲೆ ಬರುತ್ತವೆ. ಕೆಲಸ ಮುಗಿದ ಮೇಲೆ ಇವನ್ನು ಮೊದಲಿನಂತೆ ಮಾಡುವುದನ್ನು ಮರೆಯಬೇಡಿ. ಲಾಗ್‌ನಲ್ಲಿ ‘ಅಲೌಡ್ ಮೆಮರಿ ಸೈಜ್ ಆಫ್ 134217728 ಬೈಟ್ಸ್ ಎಗ್ಸಾಸ್ಟೆಡ್’ ಎಂದಿದ್ದರೆ ಗಾಬರಿಯಾಗಬೇಡಿ. ಅದು 128 ಎಂಬಿ ಎಂಬುದರ ಉದ್ದನೆಯ ರೂಪ, ಮೆಮರಿಯ ಮಿತಿಯನ್ನು ಏರಿಸಿದರೆ ಸದ್ಯಕ್ಕೆ ದಾರಿಯಾಗುತ್ತದೆ.

ಇನ್ನೊಂದು ಬಾಗಿಲೂ ಇದೆ. 2019ರಲ್ಲಿ ಬಂದ ವರ್ಡ್‌ಪ್ರೆಸ್ 5.2ರಿಂದೀಚೆಗೆ ಇಂಥ ಕುಸಿತವಾದಾಗ ಅಡ್ಮಿನ್ ಇಮೇಲ್‌ಗೆ ರಿಕವರಿ ಲಿಂಕ್ ಹೋಗುತ್ತದೆ. ಅದರ ಮೂಲಕ ಹೋದರೆ ಕೆಟ್ಟ ಪ್ಲಗಿನ್ ನಿಮ್ಮ ಪಾಲಿಗೆ ಮಾತ್ರ ತಡೆದು ನಿಲ್ಲುತ್ತದೆ. ಗಿರಾಕಿಗಳಿಗೆ ಇನ್ನೂ ದೋಷದ ಪುಟವೇ ಕಾಣುತ್ತಿರುತ್ತದೆ ಎಂಬುದು ನೆನಪಿರಲಿ. ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ನೋಡಿ.

ಬ್ಯಾಕಪ್ ಹಾಕಿಸಬೇಡಿ ಎಂದದ್ದು ಏಕೆಂದರೆ, ಕಡತಗಳ ಜೊತೆಗೆ ಡೇಟಾಬೇಸನ್ನೂ ಹಿಂದಕ್ಕೆ ತಂದರೆ ಆ ಬ್ಯಾಕಪ್ ದಿನದಿಂದ ಈಚೆಗೆ ಬಂದ ಆರ್ಡರುಗಳೆಲ್ಲ ಅಳಿಸಿಹೋಗುತ್ತವೆ. ಹಣ ನಿಮ್ಮ ಬ್ಯಾಂಕಿಗೆ ಬಂದಿರುತ್ತದೆ, ಪುಡಿ ಯಾರಿಗೆ ಕಳಿಸಬೇಕೆಂಬುದೇ ತಿಳಿಯುವುದಿಲ್ಲ. ಬೇಕಾದರೆ ಪಿಎಚ್‌ಪಿಯನ್ನು ನಾಲ್ಕು ದಿನದ ಮಟ್ಟಿಗೆ 7.4ಕ್ಕೆ ಇಳಿಸಿಕೊಡಿ ಎಂದು ಕೇಳಿ. ಆ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು 2022ರ ನವೆಂಬರಿಗೇ ನಿಂತಿವೆ, ಅಲ್ಲಿಯೇ ನೆಲೆಯೂರಬೇಡಿ.

ಪ್ರಶ್ನೆ: ನಮ್ಮ ಸಂಗೀತ ಬಳಗದ ಜಾಲತಾಣಕ್ಕೆ ಕಛೇರಿಯ ಧ್ವನಿಮುದ್ರಿಕೆ ಏರಿಸಲು ಹೋದರೆ ‘ಕಡತ ದೊಡ್ಡದಾಯಿತು’ ಎಂದು ಬರುತ್ತಿತ್ತು. ಒಂದು ವಿಡಿಯೊ ನೋಡಿ ‘ಡಾಟ್ ಎಚ್‌ಟಿಆಕ್ಸೆಸ್’ ಕಡತಕ್ಕೆ ಎರಡು ಸಾಲು ಸೇರಿಸಿದೆ. ಈಗ ಮುಖಪುಟವೂ ಇಲ್ಲ, ಅಡ್ಮಿನ್ ಪುಟವೂ ಇಲ್ಲ.
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಸಂಕೋಚಪಡಬೇಡಿ, ಇದೇ ತಪ್ಪನ್ನು ಹುಬ್ಬಳ್ಳಿಯಲ್ಲಿ ಕುಳಿತು ನಾನೂ ಮಾಡಿದ್ದೇನೆ. ರಾತ್ರಿ ಹತ್ತಕ್ಕೆ ಎರಡು ಸಾಲು ಅಂಟಿಸಿ, ಬೆಳಗಿನ ಜಾವದವರೆಗೆ ಪ್ಲಗಿನ್‌ಗಳನ್ನು ಬೈಯುತ್ತ ಕುಳಿತಿದ್ದೆ. ‘ಡಾಟ್ ಎಚ್‌ಟಿಆಕ್ಸೆಸ್’ ಎಂಬುದು ಸರ್ವರ್‌ಗೆ ಸೂಚನೆ ಕೊಡುವ ಕಡತ. ನೀವು ಸೇರಿಸಿದ ಸಾಲುಗಳು ‘ಪಿಎಚ್‌ಪಿ ವ್ಯಾಲ್ಯೂ’ ಎಂಬ ಪದಗಳಿಂದ ಶುರುವಾಗಿರಬೇಕು. ಅಪಾಚೆ ಎಂಬ ಸರ್ವರ್ ತಂತ್ರಾಂಶದ ಒಳಗೇ ಪಿಎಚ್‌ಪಿ ಒಂದು ಮಾಡ್ಯೂಲಾಗಿ ಓಡುವಲ್ಲಿ ಮಾತ್ರ ಆ ಸಾಲು ಅರ್ಥವಾಗುತ್ತದೆ. ಪಿಎಚ್‌ಪಿ ಪ್ರತ್ಯೇಕ ಪ್ರಕ್ರಿಯೆಯಾಗಿ ಓಡುವ ಕಡೆ ಅಪಾಚೆಗೆ ಅದು ಗುರುತಿಲ್ಲದ ಮಾತು. ಗುರುತಿಲ್ಲದ ಒಂದೇ ಒಂದು ಸಾಲು ಕಂಡರೂ ಅದು ಇಡೀ ಜಾಲತಾಣಕ್ಕೆ 500 ಎಂದು ಕೈಚೆಲ್ಲುತ್ತದೆ. ವರ್ಡ್‌ಪ್ರೆಸ್‌ನವರೆಗೆ ವಿಷಯ ಮುಟ್ಟುವುದೇ ಇಲ್ಲವಾದ್ದರಿಂದ ರಿಕವರಿ ಇಮೇಲ್ ಕೂಡ ಬರುವುದಿಲ್ಲ.

ಫೈಲ್ ಮ್ಯಾನೇಜರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಕಡತಗಳು ಅಡಗಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಶೋ ಹಿಡನ್ ಫೈಲ್ಸ್’ ಆರಿಸಿ, ಆ ಎರಡು ಸಾಲುಗಳನ್ನು ತೆಗೆದು ಉಳಿಸಿ. ಜಾಲತಾಣ ಕೂಡಲೇ ಮರಳುತ್ತದೆ. ಯಾವ ಸಾಲು ಹಳೆಯದು, ಯಾವುದು ಹೊಸದು ಎಂಬ ಗೊಂದಲವಿದ್ದರೆ ಕಡತದ ಹೆಸರನ್ನೇ ಬದಲಿಸಿ, ಲಾಗಿನ್ ಆಗಿ, ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟದಲ್ಲಿ ಏನನ್ನೂ ಬದಲಿಸದೆ ‘ಸೇವ್’ ಒತ್ತಿ. ವರ್ಡ್‌ಪ್ರೆಸ್ ತನಗೆ ಬೇಕಾದ ಸಾಲುಗಳಿರುವ ಹೊಸ ಕಡತ ಬರೆದುಕೊಳ್ಳುತ್ತದೆ.

ಧ್ವನಿಮುದ್ರಿಕೆಯ ಮಾತಿಗೆ ಬಂದರೆ, ಪಿಎಚ್‌ಪಿಯ ಮೂಲ ಮಿತಿ ಒಂದು ಕಡತಕ್ಕೆ 2 ಎಂಬಿ, ಒಟ್ಟು ಕಳುಹಿಕೆಗೆ 8 ಎಂಬಿ. ಅರ್ಧ ಗಂಟೆಯ ಖ್ಯಾಲ್ ಅದರೊಳಗೆ ಹಿಡಿಸುವುದು ಕಷ್ಟ. ಸಿ-ಪ್ಯಾನೆಲ್‌ನ ಪಿಎಚ್‌ಪಿ ಐಎನ್‌ಐ ಎಡಿಟರ್‌ನಲ್ಲಿ ಎರಡನ್ನೂ ಏರಿಸಿ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿರಬೇಕು. ಬದಲಾವಣೆ ಕಾಣಲು ಐದು ನಿಮಿಷ ಹಿಡಿಯಬಹುದು. ಆ ಐದು ನಿಮಿಷದ ತಾಳ್ಮೆ ಇಲ್ಲದೆ ಮತ್ತೇನನ್ನಾದರೂ ತಿದ್ದಲು ಹೊರಡುವವರನ್ನು ನಾನು ಬಹಳ ಕಂಡಿದ್ದೇನೆ.

ಪ್ರಶ್ನೆ: ನಮ್ಮ ಮುದ್ರಣಾಲಯದ ಜಾಲತಾಣವೂ 500 ತೋರಿಸುತ್ತಿದೆ. ಮಾಡಿಕೊಟ್ಟ ಹುಡುಗ ಬೇರೆ ಊರಿಗೆ ಹೋಗಿದ್ದಾನೆ, ಫೋನ್ ಎತ್ತುವುದಿಲ್ಲ. ಹೋಸ್ಟಿಂಗ್ ಯಾರದೆಂಬುದೇ ನಮಗೆ ತಿಳಿಯದು.
— ಮುದ್ರಕರು, ಗದಗ

ಉತ್ತರ: ಗದಗದಂಥ ಮುದ್ರಣದ ಊರಿನಲ್ಲಿ ಅಚ್ಚಿನ ಮೊಳೆಯ ಲೆಕ್ಕ ಇಡುವವರು ಜಾಲತಾಣದ ಬೀಗದಕೈಯನ್ನು ಬೇರೆಯವರ ಕಿಸೆಯಲ್ಲಿ ಬಿಟ್ಟಿರುವುದು ವಿಚಿತ್ರ. ನಿಮ್ಮ ಡೊಮೇನ್ ಹೆಸರನ್ನು, ಅಂದರೆ ಜಾಲತಾಣದ ವಿಳಾಸವನ್ನು, ನೋಂದಣಿಯ ವಿವರ ತೋರಿಸುವ ‘ಹೂಈಸ್’ ಹುಡುಕಾಟದಲ್ಲಿ ಹಾಕಿದರೆ ನೋಂದಣಿ ಮಾಡಿದ ಕಂಪನಿಯ ಹೆಸರು, ಮುಗಿಯುವ ದಿನಾಂಕ ಮತ್ತು ಆ ವಿಳಾಸ ಯಾವ ಸರ್ವರ್‌ನದೆಂದು ತೋರಿಸುವ ನೇಮ್ ಸರ್ವರ್‌ಗಳು ಸಿಗುತ್ತವೆ; ನೇಮ್ ಸರ್ವರ್ ಹೆಸರಿನಲ್ಲಿ ಹೆಚ್ಚಿನ ಸಲ ಹೋಸ್ಟಿಂಗ್ ಕಂಪನಿಯ ಸುಳಿವಿರುತ್ತದೆ. ಹಣ ನಿಮ್ಮ ಖಾತೆಯಿಂದ ಹೋಗಿದ್ದರೆ ಬ್ಯಾಂಕ್ ವಿವರ, ರಸೀದಿ, ಜಿಎಸ್‌ಟಿ ದಾಖಲೆಗಳೊಂದಿಗೆ ಆ ಕಂಪನಿಗೆ ಬರೆಯಿರಿ. ಖಾತೆ ಆ ಹುಡುಗನ ಹೆಸರಿನಲ್ಲೇ ಇದ್ದರೆ ಕಂಪನಿ ಸುಲಭವಾಗಿ ಬಗ್ಗುವುದಿಲ್ಲ, ಅದು ಅವರ ಪಾಲಿಗೆ ಸರಿಯೂ ಹೌದು. ಆಗ ಅವನ ಮನೆಯವರ ಮೂಲಕ ಅವನನ್ನು ಹಿಡಿಯುವುದೇ ಹತ್ತಿರದ ದಾರಿ. ಮುಗಿಯುವ ದಿನಾಂಕವನ್ನು ಮೊದಲು ನೋಡಿಕೊಳ್ಳಿ. ಎರರ್ ಆಮೇಲೆ ಸರಿಹೋದೀತು, ಹೆಸರೇ ಕೈಬಿಟ್ಟರೆ ಕಷ್ಟ.

ಪ್ರಶ್ನೆ: 500 ಬಂದರೆ ಎಲ್ಲ ಫೋಲ್ಡರುಗಳ ಪರ್ಮಿಶನ್ 777 ಮಾಡಬೇಕೆಂದು ಗೆಳೆಯ ಹೇಳುತ್ತಾನೆ. ನಿಜವೇ?
— ವಿದ್ಯಾರ್ಥಿ, ಹಾವೇರಿ

ಉತ್ತರ: ಸುಳ್ಳು. 777 ಎಂದರೆ ಆ ಸರ್ವರ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ಕಡತ ತಿದ್ದಬಹುದು ಎಂದರ್ಥ. ಹಲವು ಹೋಸ್ಟಿಂಗ್‌ಗಳಲ್ಲಿ ಭದ್ರತೆಗಾಗಿಯೇ ಅಂಥ ಕಡತವನ್ನು ಓಡಿಸಲು ಸರ್ವರ್ ನಿರಾಕರಿಸುತ್ತದೆ, ಆ ನಿರಾಕರಣೆ ಕಾಣಿಸುವುದೂ 500 ಎಂದೇ. ಫೋಲ್ಡರುಗಳಿಗೆ 755, ಕಡತಗಳಿಗೆ 644 ಇಡಿ.