ಓದುಗರ ಪ್ರಶ್ನೆ: ಇಟಲಿಗೆ ಆರು ಜನ, ರೈಲಾ ಕಾರಾ?

ಪ್ರಶ್ನೆ: ನಮಸ್ತೆ ಮೇಡಂ. ಮೇ ತಿಂಗಳಲ್ಲಿ 10 ದಿನ ಇಟಲಿಗೆ ಹೊರಟಿದೀವಿ, ರೋಮ್, ಫ್ಲಾರೆನ್ಸ್, ಟಸ್ಕನಿ ಕಡೆ ಹಳ್ಳಿಗಳು, ಕೊನೆಗೆ ವೆನಿಸ್. ನಾನು, ನಮ್ಮೆಜಮಾನ್ರು, 12 ವರ್ಷದ ಮಗ, 6 ವರ್ಷದ ಮಗಳು, ಜೊತೆಗೆ ಅತ್ತೆ ಮಾವ. ಅತ್ತೆಗೆ ಮಂಡಿ ನೋವು. ಯಜಮಾನ್ರು ಪೂರ್ತಿ ಟ್ರಿಪ್ಪಿಗೆ ಕಾರೇ ಬಾಡಿಗೆಗೆ ತಗೊಳ್ಳೋಣ, ಸಿಲ್ಕ್ ಬೋರ್ಡಲ್ಲಿ 15 ವರ್ಷ ಓಡಿಸಿದೋನಿಗೆ ಇಟಲಿ ಯಾವ ಲೆಕ್ಕ ಅಂತಾರೆ. ನನಗೆ ರೈಲೇ ವಾಸಿ ಅನ್ಸುತ್ತೆ. ಇನ್ನೊಂದು, ಮಾವನೋರಿಗೆ ಮಧ್ಯಾಹ್ನ ಮೊಸರನ್ನ ಇಲ್ದೆ ಆಗಲ್ಲ, ರೈಲಲ್ಲಿ ತಿನ್ನಕ್ಕೆ ಬಿಡ್ತಾರಾ?
– ಹನುಮಂತನಗರದ ಓದುಗರು

ಉತ್ತರ: ಮೊದಲು ಸೂಟ್‌ಕೇಸ್ ಎಣಿಸಿ. ಆರು ಜನ ಅಂದ್ರೆ 7 ಸೀಟಿನ ಗಾಡಿ ಬೇಕು, ಹಿಂದಿನ ಸಾಲು ಎತ್ತಿದ್ರೆ ಡಿಕ್ಕಿಯಲ್ಲಿ ಎರಡು ಬ್ಯಾಗೂ ಸರಿಯಾಗಿ ಕೂರಲ್ಲ, ಇನ್ನೋವಾದಲ್ಲಿ ಧರ್ಮಸ್ಥಳಕ್ಕೆ ಹೋದೋರಿಗೆಲ್ಲ ಗೊತ್ತಿರೋ ವಿಷಯ ಇದು, ಆದ್ರೆ ಅಲ್ಲಿ ಮೇಲೆ ಕ್ಯಾರಿಯರ್ ಕಟ್ಟಿ ಟಾರ್ಪಾಲ್ ಹೊದಿಸಕ್ಕೆ ಆಗಲ್ಲ. 9 ಸೀಟಿನ ವ್ಯಾನ್ ತಗೊಂಡ್ರೆ ಜಾಗ ಏನೋ ಸಿಗುತ್ತೆ, ಅದನ್ನ ಹಳೇ ಊರುಗಳ ಗಲ್ಲಿಲಿ ತಿರುಗಿಸಿ ಪಾರ್ಕಿಂಗ್ ಹುಡುಕೋದು ಯಜಮಾನ್ರ ಕೆಲಸ. ಅದೂ ಬಲಗಡೆ ಓಡಿಸ್ತಾ.

ಸಿಲ್ಕ್ ಬೋರ್ಡ್ ಅನುಭವ ಟ್ರಾಫಿಕ್ಕಿಗೆ ಸಾಕು, ಕ್ಯಾಮರಾಗೆ ಸಾಲಲ್ಲ. ಇಟಲಿಯ ಹಳೇ ಊರುಗಳ ನಡುಭಾಗಕ್ಕೆ ಝಡ್‌ಟಿಎಲ್ ಅಂತಾರೆ, ಪರ್ಮಿಟ್ ಇಲ್ದೇ ಇರೋ ಗಾಡಿ ಒಳಗೆ ಹೋಗಂಗಿಲ್ಲ. ಬೋರ್ಡ್ ಮೇಲೆ ‘ವಾರ್ಕೊ ಅತ್ತೀವೊ’ ಅಂತ ಬರುತ್ತೆ. ನಾನು ಅದನ್ನ ನೋಡಿ ಆಕ್ಟಿವ್ ಅಂದ್ರೆ ದಾರಿ ಓಪನ್ ಇದೆ ಅಂತ ಧೈರ್ಯವಾಗಿ ನುಗ್ಗಿದೆ, ಹೋಟೆಲ್ ಸಿಗದೆ ಇನ್ನೊಂದು ಸುತ್ತೂ ಹೊಡೆದೆ. ಅದರ ಅರ್ಥ ಕ್ಯಾಮರಾ ಆನ್ ಇದೆ, ಒಳಗೆ ಬರಬೇಡ ಅಂತ. ಪೊಲೀಸಿಲ್ಲ, ವಿಷಲ್ಲಿಲ್ಲ, ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಐದು ತಿಂಗಳಾದ್ಮೇಲೆ ಜಯನಗರದ ಮನೆಗೆ ಎರಡು ಫೈನ್ ಬಂತು, ಒಂದೊಂದು ಸುತ್ತಿಗೆ ಒಂದೊಂದು, ಅದಕ್ಕೂ ಮುಂಚೆನೇ ನನ್ನ ವಿವರ ಕೊಟ್ಟಿದ್ದಕ್ಕೆ ಅಂತ ಬಾಡಿಗೆ ಕಂಪನಿಯೋರು ಕಾರ್ಡಿಂದ ಬೇರೆ ದುಡ್ಡು ಎಳ್ಕೊಂಡಿದ್ರು. ತಪ್ಪು ನಂದೇ, ಆದ್ರೂ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಊರಿಂದ ಊರಿಗೆ ರೈಲೇ ಸರಿ. ಅಲ್ಲಿ ಫ್ರೆಚ್ಚಾರೊಸ್ಸಾ, ಇತಾಲೊ ಅಂತ ಎರಡು ಫಾಸ್ಟ್ ರೈಲು ಪೈಪೋಟಿ ಮೇಲೆ ಓಡ್ತವೆ, ಗಂಟೆಗೆ 300 ಕಿ.ಮೀ. ತನಕ. ರೋಮಿಂದ ಫ್ಲಾರೆನ್ಸಿಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ಸಿಗೆ ಎರಡೂಕಾಲು ಗಂಟೆ, ಇಳಿಯೋದು ಊರ ಮಧ್ಯೆನೇ. ವೆಯಿಟಿಂಗ್ ಲಿಸ್ಟು, ಆರ್‌ಎಸಿ ಗೋಳಿಲ್ಲ, ಆದ್ರೆ ತಡ ಮಾಡಿದಷ್ಟೂ ರೇಟ್ ಏರುತ್ತೆ, ಹಾಗಾಗಿ ಇವತ್ತೇ ನೋಡಿ. ಅಗ್ಗದ ಟಿಕೆಟ್ಟಿಗೆ ರೀಫಂಡ್ ಇರಲ್ಲ ಅನ್ನೋದೂ ನೆನಪಿರ್ಲಿ. ಲೋಕಲ್ ರೈಲುಗಳಲ್ಲಿ ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋಕ್ಕೆ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಮೆಷಿನ್ನಲ್ಲಿ ಪಂಚ್ ಮಾಡಿಸ್ಲೇಬೇಕು, ಇಲ್ದಿದ್ರೆ ದಂಡ. ಹೊರಡೋ ವಾರದಲ್ಲಿ ‘ಶೋಪೆರೊ’ ಅನ್ನೋ ಮಾತು ಕಿವಿಗೆ ಬಿದ್ರೆ ಅದು ಮುಷ್ಕರ, ಅಲ್ಲಿ ಆಗಾಗ ನಡೀತಿರುತ್ತೆ.

ಅತ್ತೆಯೋರ ಮಂಡಿ ವಿಷಯಕ್ಕೆ ಬಂದ್ರೆ, ಮೆಜೆಸ್ಟಿಕ್ಕಲ್ಲಿ ಇರೋ ಥರ ಕೂಲಿಗಳು ಸಿಗಲ್ಲ, ಆದ್ರೆ ದೊಡ್ಡ ಸ್ಟೇಷನ್‌ಗಳಲ್ಲಿ ‘ಸಾಲಾ ಬ್ಲೂ’ ಅಂತ ಇದೆ, ಮುಂಚೆನೇ ಹೇಳಿಟ್ರೆ ವ್ಹೀಲ್‌ಚೇರ್ ತಂದು ರೈಲು ಹತ್ತಿಸ್ತಾರೆ, ಫ್ರೀ. ವೆನಿಸ್ಸಲ್ಲಿ ಮಾತ್ರ ಹುಷಾರು, ಸೇತುವೆಗಳಿಗೆಲ್ಲ ಮೆಟ್ಟಿಲು, ಹಾಗಾಗಿ ಸಾಂತಾ ಲುಚೀಯಾ ಸ್ಟೇಷನ್ ಪಕ್ಕದಲ್ಲೋ ವಾಪೊರೆತ್ತೊ ದೋಣಿ ನಿಲ್ಲೋ ಕಡೆಯೋ ರೂಮ್ ಮಾಡಿ. ಕಾರಲ್ಲಿ ಹೋದ್ರೂ ಅದು ವೆನಿಸ್ ಅಂಚಲ್ಲಿರೋ ಪಿಯಾತ್ಸಾಲೆ ರೋಮಾ ಅನ್ನೋ ಚೌಕದಲ್ಲೇ ನಿಲ್ಲುತ್ತೆ, ಮುಂದಕ್ಕೆ ರಸ್ತೆನೇ ಇಲ್ಲ, ಸುಮ್ನೆ ಪಾರ್ಕಿಂಗ್ ದುಡ್ಡು ದಂಡ.

ಟಸ್ಕನಿಲಿ ಯಜಮಾನ್ರು ಹೇಳೋದು ಸರಿ. ಸಾನ್ ಜಿಮಿನ್ಯಾನೊ, ವಾಲ್ ದೋರ್ಚಾ ಕಡೆಗೆಲ್ಲ ರೈಲು ನಂಬ್ಕೊಂಡ್ರೆ ಬಸ್ ಸ್ಟಾಪಲ್ಲೇ ಅರ್ಧ ದಿನ ಹೋಗುತ್ತೆ. ನಾನಾಗಿದ್ರೆ ಫ್ಲಾರೆನ್ಸಿಂದ ಒಂದು ದಿನಕ್ಕೆ ಡ್ರೈವರ್ ಸಮೇತ ವ್ಯಾನ್ ಮಾಡ್ತಿದ್ದೆ, ಬ್ಯಾಗ್ ಎಲ್ಲ ಹೋಟೆಲಲ್ಲೇ ಬಿಟ್ಟು. ಅವರಿಗೆ ಓಡಿಸ್ಲೇಬೇಕು ಅನ್ನೋ ಆಸೆ ಇದ್ರೆ ಎರಡು ದಿನಕ್ಕೆ ಮಾತ್ರ ತಗೊಳ್ಳಲಿ, ಊರೊಳಗೆ ಬೇಡ, ಫ್ಲಾರೆನ್ಸ್ ಏರ್‌ಪೋರ್ಟ್ ಹತ್ರ, ಅಲ್ಲಿಗೆ ಟ್ರಾಮ್ ಇದೆ, ವಾಪಸ್ಸೂ ಅಲ್ಲೇ ಕೊಡಿ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಬೇಕು, ಫಾರ್ಮ್ 4ಎ, 1000 ರೂಪಾಯಿ, ಒಂದು ವರ್ಷ ನಡೆಯುತ್ತೆ. ಕ್ರೆಡಿಟ್ ಕಾರ್ಡ್ ಓಡಿಸೋರ ಹೆಸರಲ್ಲೇ ಇರ್ಲಿ. ಆಟೋಮ್ಯಾಟಿಕ್ ಬೇಕಾದ್ರೆ ಮೊದಲೇ ಕೇಳಿ, ಮಗಳಿಗೆ ಚೈಲ್ಡ್ ಸೀಟೂ ಹೇಳಿ, 150 ಸೆಂ.ಮೀ.ಗಿಂತ ಕುಳ್ಳಗಿರೋ ಮಕ್ಕಳಿಗೆ ಅಲ್ಲಿ ಕಡ್ಡಾಯ, ಮಗನ ಎತ್ತರನೂ ಒಮ್ಮೆ ಅಳೆದು ನೋಡಿ. ಟೋಲಲ್ಲಿ ಹಳದಿ ‘ಟೆಲೆಪಾಸ್’ ಲೇನಿಗೆ ನುಗ್ಗಬೇಡಿ, ಅದು ಅಲ್ಲಿಯ ಫಾಸ್ಟ್ಯಾಗ್ ಇದ್ದಂಗೆ.

ಇನ್ನು ಮೊಸರನ್ನ. ರೈಲಲ್ಲಿ ಆರಾಮಾಗಿ ಡಬ್ಬಿ ಬಿಚ್ಚಿ, ಯಾರೂ ಏನೂ ಅನ್ನಲ್ಲ. ಇಲ್ಲಿಂದ ಮಾತ್ರ ಮೊಸರು, ಹಾಲಿನ ಪದಾರ್ಥ ಒಯ್ಯಬೇಡಿ, ಯುರೋಪಿನ ಕಸ್ಟಮ್ಸಲ್ಲಿ ಬಿಡಲ್ಲ. ಅಲ್ಲಿ ಸೂಪರ್‌ಮಾರ್ಕೆಟಲ್ಲಿ ‘ಯೊಗುರ್ತ್ ಬಿಯಾಂಕೊ’ ಕೇಳಿ, ಆದ್ರೆ ಡಬ್ಬಿ ಮೇಲೆ ಸಕ್ಕರೆಗೆ ‘ಝುಕ್ಕೆರೊ’ ಅಂತ ಬರೆದಿದ್ಯಾ ನೋಡ್ಕೊಳ್ಳಿ. ಒಂದ್ಸಲ ನಾನು ನೋಡದೆ ತಂದು ಕಲಸಿ, ಮನೆಮಂದಿಯೆಲ್ಲ ಸಿಹಿ ಮೊಸರನ್ನಕ್ಕೆ ಒಗ್ಗರಣೆ ಹಾಕ್ಕೊಂಡು ತಿಂದ್ವಿ.